ತಣ್ಣೀರುಬಾವಿಯ ಮರಳಲ್ಲಿ ಕಿರಣ್ ವಿಮಾನದ ಕತೆ

ಶಿರಾಡಿ ಘಾಟಿ ಇಳಿದ ಬಸ್ಸು ಮಂಗಳೂರು ಮುಟ್ಟಿದಾಗ ಇನ್ನೂ ಸರಿಯಾಗಿ ಬೆಳಗಾಗಿರಲಿಲ್ಲ, ಆಗಲೇ ಸೆಕೆ. ಮಾವನ ಮನೆ ಬಜ್ಪೆ ಹತ್ತಿರ. ಗುಡ್ಡದ ತಲೆ ಸಮತಟ್ಟು ಮಾಡಿ ಕಟ್ಟಿದ ವಿಮಾನ ನಿಲ್ದಾಣ ಅಲ್ಲೇ ಮೇಲೆ. ವಿಮಾನ ಇಳಿಯುವಾಗೆಲ್ಲ ಮನೆಯಲ್ಲಿ ಮಾತು ನಿಲ್ಲಿಸಬೇಕು. ಅತ್ತೆಗೆ ಅದು ರಗಳೆ, ಮಾವನಿಗೆ ಖುಷಿ. ವಾಯುಪಡೆಯಲ್ಲಿ ವರ್ಷಗಟ್ಟಲೆ ಕಿರಣ್ ವಿಮಾನಗಳ, ಅಂದರೆ ಪೈಲಟ್ ಆಗುವ ಹುಡುಗರಿಗೆ ಹಾರಾಟ ಕಲಿಸುವ ಜೆಟ್‌ಗಳ ರಿಪೇರಿ ಮಾಡಿದವರು ಅವರು.

ಬನ್ಸ್ ತಿಂದು ಸುಲ್ತಾನ್ ಬತ್ತೇರಿಗೆ ಹೊರಟೆವು. ನದಿಯೊಳಗೆ ಬರುವ ಹಡಗುಗಳ ಮೇಲೆ ಕಣ್ಣಿಡಲು ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಬುರುಜು. ಐದೇ ನಿಮಿಷದಲ್ಲಿ ನೋಡಿ ಮುಗಿಯಿತು. ದೋಣಿ ಹತ್ತಿ ಆಚೆ ದಡದ ತಣ್ಣೀರುಬಾವಿಗೆ ಹೋದೆವು. ಗಾಳಿಮರಗಳ ನೆರಳಲ್ಲಿ ಕೂತ ಮೇಲೆ ಮಾವನ ಕತೆ ಶುರು.

"ಕಿರಣ್ ನಮ್ಮ ಬೆಂಗಳೂರಿನದ್ದೇ, ಗೊತ್ತುಂಟಾ?"

ಅಲ್ಲಿನ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ್ದು. ಪೂರ್ತಿ ಹೆಸರು ಎಚ್‌ಜೆಟಿ-16 ಕಿರಣ್. ಮೊದಲ ಹಾರಾಟ 1964ರ ಸೆಪ್ಟೆಂಬರ್ 4ರಂದು. 1968ರಿಂದ ವಾಯುಪಡೆಗೆ ಬರತೊಡಗಿತು. ಹಳೇ ವ್ಯಾಂಪೈರ್ ತರಬೇತಿ ವಿಮಾನಗಳ ಜಾಗ ಹಿಡಿಯಿತು. ಮೊದಲಿಗೆ ಬ್ರಿಟನ್ನಿನ ವೈಪರ್ ಎಂಜಿನ್. 1976ರಲ್ಲಿ ಹಾರಿದ ಸುಧಾರಿತ ಮಾದರಿ ಮಾರ್ಕ್ 2ಕ್ಕೆ ಜಾಸ್ತಿ ಶಕ್ತಿಯ ಆರ್ಫಿಯಸ್ ಎಂಜಿನ್ ಬಂತು. ಅದರಲ್ಲಿ ಗುಂಡು, ಬಾಂಬು ಹಾಕುವುದನ್ನೂ ಕಲಿಸಬಹುದಿತ್ತು.

ಮಾವ ಮಾತಿಗಿಂತ ಕೈಯಲ್ಲೇ ಹೆಚ್ಚು ವಿವರಿಸುವವರು. ಮರಳಲ್ಲಿ ಎರಡು ಗುಂಡಿ ತೋಡಿದರು, ಅಕ್ಕಪಕ್ಕ. "ಇದು ಹುಡುಗನ ಸೀಟು, ಇದು ಮೇಷ್ಟ್ರದ್ದು. ಹುಡುಗನ ಕೈ ನಡುಗಿದರೆ ಮೇಷ್ಟ್ರಿಗೆ ಪಕ್ಕದಲ್ಲೇ ಕಾಣ್ತದೆ." ಮುಂದಿನ ಹಂತದ ತರಬೇತಿಯ ಹಾಕ್ ವಿಮಾನದಲ್ಲಿ ಸೀಟುಗಳು ಹಿಂದೆ ಮುಂದೆ ಇವೆ. ಅಲ್ಲಿ ಮೇಷ್ಟ್ರು ಹಿಂದೆ, ಸ್ವಲ್ಪ ಎತ್ತರದಲ್ಲಿ ಕೂರುತ್ತಾರೆ. ಫೈಟರ್‌ಗೆ ಹೋಗುವವರಿಗೆ ಆ ಅಭ್ಯಾಸವೂ ಬೇಕು. ಆದರೆ ಜೆಟ್‌ನಲ್ಲಿ ಅಕ್ಷರಾಭ್ಯಾಸಕ್ಕೆ ಕಿರಣ್‌ನ ಜೋಡಿ ಸೀಟೇ ವಾಸಿ ಅಂತ ಅವರ ವಾದ. ನನಗೂ ಒಪ್ಪಿಗೆಯಾಯಿತು.

ಆಮೇಲೆ ಕಾಲಿನ ಚಪ್ಪಲಿ ಕೈಗೆ ಬಂತು. ಅದರ ಮೂತಿ ಮೇಲೆತ್ತಿದರು. ವೇಗ ಕಮ್ಮಿಯಾಗಿ ರೆಕ್ಕೆಯ ಹಿಡಿತ ತಪ್ಪುತ್ತದೆ, ಒಂದು ರೆಕ್ಕೆ ಮೊದಲು ಕುಸಿಯುತ್ತದೆ, ವಿಮಾನ ತಿರುಗುತ್ತಾ ಬೀಳುತ್ತದೆ. ಇದೇ ಸ್ಪಿನ್. ಚಪ್ಪಲಿ ಗಿರಗಿರ ತಿರುಗಿ ಕೆಳಗೆ ಬಂತು. ಪಕ್ಕದಲ್ಲಿ ಚುರುಮುರಿ ತಿನ್ನುತ್ತಿದ್ದ ಹುಡುಗರು ನಕ್ಕರು, ಮಾವನಿಗೆ ಅದರ ಪರಿವೆಯೇ ಇಲ್ಲ. ಬೇಕಂತಲೇ ಸ್ಪಿನ್‌ಗೆ ಇಳಿಸಿ, ತಿರುವಿಗೆ ಎದುರಾಗಿ ರಡ್ಡರ್, ಅಂದರೆ ಬಾಲದ ಚುಕ್ಕಾಣಿ ಒತ್ತಿ ಹೊರಗೆ ಬರುವುದನ್ನು ಪೈಲಟ್ ಆಗುವ ಹುಡುಗರಿಗೆ ಕಲಿಸಬೇಕು. ಕಲಿಸುವ ವಿಮಾನವೇ ಅಲ್ಲಿ ಮಾತು ಕೇಳದಿದ್ದರೆ?

ಕಿರಣ್‌ನ ಜಾಗಕ್ಕೆ ಬರಬೇಕಿದ್ದ ಎಚ್‌ಜೆಟಿ-36 ಸಿತಾರಾ ಸಿಕ್ಕಿಹಾಕಿಕೊಂಡದ್ದು ಇಲ್ಲೇ. 2003ರ ಮಾರ್ಚ್‌ನಲ್ಲಿ ಹಾರಿದ ವಿಮಾನ ಅದು. ಎಂಜಿನ್ ಬದಲಾಯಿತು, ಸ್ಪಿನ್ ತೊಂದರೆ ಬಗೆಹರಿಯಲಿಲ್ಲ. ಬಾಲದ ಭಾಗ ತಿದ್ದಿ ಮತ್ತೆ ಹಾರಿಸುವಾಗ 2019 ಬಂದಿತ್ತು. 2025ರಲ್ಲಿ ಯಶಸ್ ಅಂತ ಹೊಸ ಹೆಸರಿಟ್ಟರು. ಹೆಸರಿಡುವುದು ಸುಲಭ, ಅಲ್ವಾ?

ಅಷ್ಟೂ ಕಾಲ ಹೊರೆ ಹೊತ್ತದ್ದು ಮುದಿ ಕಿರಣ್. 2009ರಲ್ಲಿ ಮೊದಲ ಹಂತದ ತರಬೇತಿಯ ಎಚ್‌ಪಿಟಿ-32 ದೀಪಕ್ ವಿಮಾನಗಳನ್ನು ಹಾರದಂತೆ ನಿಲ್ಲಿಸಿದಾಗ ಹೊಸ ಹುಡುಗರಿಗೆ ಮೊದಲ ಪಾಠವೂ ಕಿರಣ್ ಮೇಲೇ ಬಿತ್ತು. ಆಕಾಶದಲ್ಲಿ ಕಸರತ್ತು ಮಾಡುವ ಸೂರ್ಯಕಿರಣ್ ತಂಡ 1996ರಲ್ಲಿ ಬೀದರಿನಲ್ಲಿ ಶುರುವಾಗಿತ್ತು, ಒಂಬತ್ತು ಮಾರ್ಕ್ 2 ವಿಮಾನ ಒಟ್ಟಿಗೆ ಹಾರಿಸುತ್ತಿತ್ತು. ತರಬೇತಿಗೆ ವಿಮಾನ ಸಾಲದೆ 2011ರಲ್ಲಿ ಅದನ್ನೂ ನಿಲ್ಲಿಸಿದರು. ಮುಂದೆ ತಂಡ ಹಾಕ್ ವಿಮಾನದಲ್ಲಿ ಮರಳಿ ಬಂತು. ಕಿರಣ್‌ನ ದೀರ್ಘ ಸೇವೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದರಲ್ಲಿ ಅರ್ಧ ಹೊಗಳಿಕೆ, ಅರ್ಧ ದೂರು ಕೇಳಿಸುತ್ತದೆ.

"ಮಾವ, ಹೊಸದು ಬಂದ್ರೆ ನಿಮಗೆ ಬೇಜಾರಾಗಲ್ವಾ?"

"ಎಂತ ಬೇಜಾರು ಮಾರಾಯ? ನಾನು ರಿಟೈರ್ ಆಗ್ಲಿಲ್ವಾ? ಅದಕ್ಕೂ ಪೆನ್ಷನ್ ಕೊಡ್ಲಿ."

ಚಪ್ಪಲಿ ಕೊಡವಿ ಕಾಲಿಗೆ ಹಾಕಿಕೊಂಡು ದೋಣಿಯ ಕಡೆ ನಡೆದರು. ಅತ್ತೆ ಬಂಗುಡೆ ತರಲು ಹೇಳಿದ್ದರು.