ದಪ್ಪ ಕಾದಂಬರಿಗಳ ಮೂರು ಬೇಸಿಗೆಗಳು

ನಾವು ಓದುತ್ತಿದ್ದ ಕಾಲದಲ್ಲಿ ಕಾಲೇಜು ಗ್ರಂಥಾಲಯದ ಕನ್ನಡ ವಿಭಾಗದಲ್ಲಿ ದಪ್ಪ ಕಾದಂಬರಿಗಳನ್ನೆಲ್ಲ ಕಪಾಟಿನ ತೀರ ಕೆಳಗಿನ ಸಾಲಿನಲ್ಲಿ ಇಡುತ್ತಿದ್ದರು. ಪಠ್ಯವಾಗಿದ್ದ ಸಣ್ಣ ಕಾದಂಬರಿಗಳಲ್ಲಿ ವಾಪಸಾತಿ ದಿನಾಂಕದ ಚೀಟಿ ತುಂಬಿಹೋಗಿ ಅದರ ಮೇಲೆ ಇನ್ನೊಂದನ್ನು ಅಂಟಿಸಿರುತ್ತಿದ್ದರೆ, ಕೆಳಸಾಲಿನ ಪುಸ್ತಕಗಳ ಚೀಟಿಗಳಲ್ಲಿ ಅಲ್ಲೊಂದು ಇಲ್ಲೊಂದು ಮೊಹರು ಮಾತ್ರ ಕಾಣುತ್ತಿತ್ತು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಾದ ನಾವು ‘ಮಲೆಗಳಲ್ಲಿ ಮದುಮಗಳು’ ಕುರಿತು ಹತ್ತು ಅಂಕದ ಉತ್ತರವನ್ನು ಸರಾಗವಾಗಿ ಬರೆಯುತ್ತಿದ್ದೆವು. ಆದರೆ ಆ ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ನಮ್ಮ ಕನ್ನಡ ಮೇಷ್ಟ್ರಿಗೆ ಇದು ಗೊತ್ತಿತ್ತು. 2011ರ ಬೇಸಿಗೆ ರಜೆಗೆ ಮುಂಚೆ ಅವರು ತರಗತಿಯಲ್ಲಿ ಹೇಳಿದ್ದು ಇಷ್ಟೇ: “ಒಬ್ಬೊಬ್ಬರೇ ಓದೋದಕ್ಕೆ ಹೆದರಿಕೆ ಆಗೋದಾದ್ರೆ ಒಟ್ಟಿಗೆ ಕೂತು ಓದ್ರಪ್ಪ. ನಾನೂ ಬಂದು ಕೂರ್ತೀನಿ.”

ಹೀಗೆ ಆರಂಭವಾದ ಓದಿನ ಗುಂಪು ನಮ್ಮ ಪದವಿಯ ಮೂರೂ ಬೇಸಿಗೆಗಳಲ್ಲಿ ನಡೆಯಿತು. ಗುಂಪಿನಲ್ಲಿ ಚಿತ್ರದುರ್ಗದ ನಮ್ಮೊಡನೆ ಹಿರಿಯೂರು, ಚಳ್ಳಕೆರೆ, ಹೊಳಲ್ಕೆರೆಗಳಿಂದ ಬಸ್ಸಿನಲ್ಲಿ ಬರುವವರಿದ್ದರು. ಇತಿಹಾಸ ವಿಭಾಗದ ಗೆಳೆಯನೊಬ್ಬನಿದ್ದ. ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ತೀರ್ಥಹಳ್ಳಿ ಕಡೆಯ ಗೆಳತಿಯೊಬ್ಬಳಿದ್ದಳು. ಅವಳೊಬ್ಬಳನ್ನು ಬಿಟ್ಟರೆ ಮಿಕ್ಕ ನಾವೆಲ್ಲರೂ ಬಯಲುಸೀಮೆಯವರು. ಶೇಂಗಾ ಹೊಲ, ಜಾಲಿಮರ, ಬಂಡೆಗಲ್ಲಿನ ಗುಡ್ಡಗಳ ನಡುವೆ ಬೆಳೆದ ನಮಗೆ ಹಗಲಿನಲ್ಲೂ ಕತ್ತಲೆ ಕವಿಯುವ ಕಾಡು, ವಾರಗಟ್ಟಲೆ ಬಿಡದೆ ಸುರಿಯುವ ಮಳೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಗುಡ್ಡ ದಾಟಿ ಹೋಗಬೇಕಾದ ಊರು ಇವೆಲ್ಲವೂ ಕಲ್ಪನೆಗೆ ನಿಲುಕದ ಸಂಗತಿಗಳಾಗಿದ್ದವು. ಮೇ ತಿಂಗಳ ಮಧ್ಯಾಹ್ನ, ಕೋಟೆಯ ಬಂಡೆಗಳು ಕಾದು ಊರಿನ ಮೇಲೆಲ್ಲ ಝಳ ಹರಡುತ್ತಿದ್ದ ಹೊತ್ತಿನಲ್ಲಿ, ಗ್ರಂಥಾಲಯದ ವಾಚನಾಲಯದಲ್ಲಿ ಕುಳಿತು ನಾವು ಮಲೆನಾಡಿನ ಮುಂಗಾರನ್ನು ಗಟ್ಟಿಯಾಗಿ ಓದುತ್ತಿದ್ದೆವು.

1936ರಲ್ಲಿ ‘ಕಾನೂರು ಹೆಗ್ಗಡಿತಿ’ಯನ್ನು ಪ್ರಕಟಿಸಿದ ಕುವೆಂಪು ಅವರು ಎರಡನೆಯ ಕಾದಂಬರಿಯಾದ ‘ಮಲೆಗಳಲ್ಲಿ ಮದುಮಗಳು’ ಕೃತಿಯನ್ನು ಕೊಟ್ಟದ್ದು 1967ರಲ್ಲಿ. ಆ ಮೂರು ದಶಕಗಳ ಅಂತರದಲ್ಲಿ ಅವರ ಕಥನದ ರೀತಿಯೇ ಬದಲಾಗಿತ್ತು ಎಂಬುದು ಓದುತ್ತಾ ಹೋದಂತೆ ನಮಗೆ ತಿಳಿಯಿತು. ಮೊದಲನೆಯದರಲ್ಲಿ ಓದುಗ ಹೂವಯ್ಯನ ಹಿಂದೆ ಹೋಗಬಹುದು. ಎರಡನೆಯದರಲ್ಲಿ ಯಾರ ಹಿಂದೆ ಹೋಗಬೇಕು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಸಿಂಬಾವಿ ಹೆಗ್ಗಡೆಯವರ ಜೀತದಾಳು ನಾಯಿಗುತ್ತಿ ತನ್ನ ನಾಯಿ ಹುಲಿಯನೊಡನೆ ನಡೆದುಬರುತ್ತಾನೆ. ಅವನು ದಾಟುವ ಒಂದೊಂದು ಮನೆಯಲ್ಲಿಯೂ ಒಂದೊಂದು ಕಥೆ ತೆರೆದುಕೊಳ್ಳುತ್ತದೆ. ನಾಲ್ಕು ಅಧ್ಯಾಯ ದಾಟುವಷ್ಟರಲ್ಲಿ ಯಾರು ಯಾರ ಮಗ, ಯಾವ ಮನೆ ಯಾವ ದಿಕ್ಕಿಗಿದೆ ಎಂಬುದೆಲ್ಲ ಕಲಸಿಹೋಗುತ್ತದೆ. ಒಬ್ಬೊಬ್ಬರೇ ಓದಲು ಹೊರಟ ನಮ್ಮಲ್ಲಿ ಹಲವರು ಪುಸ್ತಕ ಕೆಳಗಿಟ್ಟದ್ದು ಇಲ್ಲಿಯೇ.

ಮೇಷ್ಟ್ರು ಇದಕ್ಕೆ ಒಂದು ಉಪಾಯ ಮಾಡಿದರು. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ ಹೀಗೆ ಕಾದಂಬರಿಯ ಒಂದೊಂದು ಮನೆಯನ್ನೂ ನಮ್ಮಲ್ಲಿ ಒಬ್ಬೊಬ್ಬರಿಗೆ ಹಂಚಿಕೊಟ್ಟರು. ಆ ಮನೆಯ ಯಜಮಾನನಿಂದ ಹಿಡಿದು ಕೊಟ್ಟಿಗೆಯ ಆಳಿನವರೆಗೆ ಪ್ರತಿಯೊಬ್ಬರ ವಿಚಾರವನ್ನೂ ನೆನಪಿಟ್ಟುಕೊಳ್ಳುವುದು, ಯಾರಾದರೂ “ಇವರು ಯಾರು?” ಎಂದು ಕೇಳಿದಾಗ ಹೇಳುವುದು ಆಯಾ ಮನೆಯವರ ಹೊಣೆ. ನನ್ನ ಪಾಲಿಗೆ ಕೋಣೂರು ಬಂದಿತ್ತು. ಮುಕುಂದಯ್ಯನ ಮನೆ ಸಿಕ್ಕಿತೆಂದು ಹಿಗ್ಗಿದ ನನಗೆ ಕ್ರಮೇಣ ಆ ಮನೆಯ ಆಳುಗಳಾದ ಐತ ಮತ್ತು ಪೀಂಚಲು ಅವನಿಗಿಂತ ಹತ್ತಿರದವರಾದರು. ಒಲ್ಲದ ಮದುವೆಯಿಂದ ತಪ್ಪಿಸಿಕೊಂಡು ಕಾಡಿನ ಕತ್ತಲೆಗೆ ಕಾಲಿಡುವ ಚಿನ್ನಮ್ಮನಿಗೆ ಪೀಂಚಲು ನೀಡುವ ಆಸರೆಯನ್ನು ನಾನು ಒಬ್ಬನೇ ಓದಿದ್ದರೆ ಕಥೆಯ ಓಟದಲ್ಲಿ ದಾಟಿಬಿಡುತ್ತಿದ್ದೆನೇನೋ. ಆದರೆ ಪೀಂಚಲು ನನ್ನ ಹೊಣೆಯಾಗಿದ್ದಳು. ಅವಳ ಒಂದೊಂದು ಮಾತನ್ನೂ ಗುರುತು ಹಾಕಿಕೊಂಡು, ಅವಳ ಧೈರ್ಯ ಕಾದಂಬರಿಯಲ್ಲಿ ಯಾರ ಧೈರ್ಯಕ್ಕೂ ಕಡಿಮೆಯದಲ್ಲವೆಂದು ಗುಂಪಿನೆದುರು ವಾದ ಮಾಡಿದೆ. “ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ” ಎಂದು ಆರಂಭವಾಗುವ ಕಾದಂಬರಿಯ ಪ್ರಸಿದ್ಧ ಮುನ್ನುಡಿಯ ಮಾತುಗಳನ್ನು ನಾವೆಲ್ಲರೂ ಪರೀಕ್ಷೆಯಲ್ಲಿ ಉದ್ಧರಿಸಿ ಅಂಕ ಪಡೆದಿದ್ದೆವು. ಅವು ಕಾದಂಬರಿ ಕಟ್ಟಿದ ಕ್ರಮವನ್ನೇ ಹೇಳುವ ಮಾತುಗಳು ಎಂಬುದು ಈ ಹಂಚಿಕೆಯಿಂದ ನಮಗೆ ಮನವರಿಕೆಯಾಯಿತು.

ಚಳ್ಳಕೆರೆಯ ಗೆಳೆಯನಿಗೆ ಯಾವ ಮನೆಯೂ ಉಳಿಯಲಿಲ್ಲ. ಅವನು ಮಿತಭಾಷಿ, ಕಾದಂಬರಿ ಓದುವ ರೂಢಿಯೂ ಅವನಿಗಿರಲಿಲ್ಲ. ಮೇಷ್ಟ್ರು ಅವನಿಗೆ ಹುಲಿಯನನ್ನು ಒಪ್ಪಿಸಿದರು. ಅವನು ಅದನ್ನು ನಿಷ್ಠೆಯಿಂದ ನಡೆಸಿದ. ಹುಲಿಯ ಎಲ್ಲೆಲ್ಲಿ ಬರುತ್ತದೆ, ಎಲ್ಲಿ ಗುತ್ತಿಯಿಂದ ಹಿಂದುಳಿಯುತ್ತದೆ, ಯಾರಿಗೆ ಗುರುಗುಟ್ಟುತ್ತದೆ ಎಂಬುದನ್ನೆಲ್ಲ ಅವನು ಒಂದು ನೋಟುಪುಸ್ತಕದಲ್ಲಿ ಪುಟಸಂಖ್ಯೆ ಸಮೇತ ಬರೆದಿಟ್ಟಿದ್ದ. ಗುತ್ತಿಯೂ ಅವನು ಮೆಚ್ಚಿದ ತಿಮ್ಮಿಯೂ ಪ್ರವಾಹ ಬಂದ ತುಂಗೆಯನ್ನು ದಾಟುವಾಗ ಹುಲಿಯ ಹೊಳೆಯ ಪಾಲಾಗುವ ಭಾಗ ಬಂದ ದಿನ, ಸರದಿಯಲ್ಲಿ ಬೇರೆಯವರ ಹೆಸರಿದ್ದರೂ, ಅವನು ತಾನೇ ಓದುತ್ತೇನೆಂದು ಪುಸ್ತಕ ತೆಗೆದುಕೊಂಡ. ಅಲ್ಲಿಯವರೆಗೆ ಸರದಿ ಬಂದಾಗ ಎರಡು ಪುಟ ಓದಿ ಪುಸ್ತಕ ದಾಟಿಸುತ್ತಿದ್ದವನು ಆ ದಿನ ಅಧ್ಯಾಯ ಮುಗಿಯುವವರೆಗೂ ಓದಿದ. ಅದರ ನಂತರ ಅವನನ್ನು ಯಾರೂ ಗುಂಪಿಗೆ ಕರೆಯಬೇಕಾಗಲಿಲ್ಲ. ಮುಂದಿನ ವರ್ಷ ಎಲ್ಲರಿಗಿಂತ ಮೊದಲು ಬಂದು ಕಿಟಕಿ ತೆರೆದು ಕುಳಿತಿರುತ್ತಿದ್ದವನು ಅವನೇ.

ಗಟ್ಟಿಯಾಗಿ ಓದುವ ಪದ್ಧತಿಯಿಂದ ನಮ್ಮ ವೇಗ ಬಹಳ ತಗ್ಗಿತು. ಮೊದಲು ಇದು ಕೊರತೆಯೆನ್ನಿಸಿತ್ತು. ಆದರೆ ಆ ಮುನ್ನುಡಿಯೇ ಅವಸರವನ್ನು ಸಾವಧಾನದ ಬೆನ್ನೇರಿಸಿದೆಯಲ್ಲ! ಮಲೆನಾಡಿನ ಮಾತುಕತೆಯನ್ನು ನಾವು ನಮ್ಮ ದುರ್ಗದ ಧಾಟಿಯಲ್ಲಿ ಓದಿದರೆ ಅದು ಜೀವ ಕಳೆದುಕೊಳ್ಳುತ್ತಿತ್ತು. ತೀರ್ಥಹಳ್ಳಿಯ ಗೆಳತಿ ಅದೇ ಸಾಲನ್ನು ಓದಿದಾಗ ಮಾತಿನ ಏರಿಳಿತದಿಂದಲೇ ಮಾತನಾಡುವವರ ಅಂತಸ್ತು, ಸಲಿಗೆ, ಸಿಟ್ಟು ತಿಳಿಯುತ್ತಿತ್ತು. ಕಂಬಳಿಕೊಪ್ಪೆಯನ್ನು ಹೇಗೆ ಕಟ್ಟುತ್ತಾರೆ, ಬೈನೆ ಕಳ್ಳನ್ನು ಹೇಗೆ ಇಳಿಸುತ್ತಾರೆ ಎಂದು ನಾವು ಕೇಳಿದ್ದನ್ನೆಲ್ಲ ಅವಳು ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಹತ್ತಿರ ಕೇಳಿಕೊಂಡು ಬಂದು ಹೇಳುತ್ತಿದ್ದಳು.

ಜಗಳಗಳೂ ನಡೆದವು. 1893ರ ಚಿಕಾಗೋ ಸರ್ವಧರ್ಮ ಸಮ್ಮೇಳನದ ಕಾಲದ ಸ್ವಾಮಿ ವಿವೇಕಾನಂದರ ಪ್ರಸ್ತಾಪ ಕಾದಂಬರಿಯೊಳಗೆ ಬಂದಾಗ, ಗುತ್ತಿಯ ಕಥೆಯ ನಡುವೆ ಇದು ಏಕೆ ಬೇಕಿತ್ತು ಎಂದು ಹಿರಿಯೂರಿನ ಗೆಳೆಯ ಪಟ್ಟು ಹಿಡಿದ. ಇತಿಹಾಸ ವಿಭಾಗದವನು ಅದನ್ನು ಒಪ್ಪಲಿಲ್ಲ. ಜಗತ್ತು ಗಮನಿಸಿದ ಘಟನೆ ಒಂದು ಕಡೆ ನಡೆಯುತ್ತಿದ್ದ ಅದೇ ಕಾಲದಲ್ಲಿ, ಯಾರೂ ಗಮನಿಸದ ಕಾಡಿನೊಳಗೆ ಒಬ್ಬ ಜೀತದಾಳು ತಾನು ಮೆಚ್ಚಿದವಳನ್ನು ಕರೆದುಕೊಂಡು ಓಡುತ್ತಿದ್ದಾನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಲೇಖಕರು ಕೇಳುತ್ತಿದ್ದಾರೆ ಎಂಬುದು ಅವನ ವಾದ. ನಾನು ಈಗಲೂ ಅವನ ಪಕ್ಷದಲ್ಲಿಯೇ ಇದ್ದೇನೆ.

ಎರಡನೆಯ ಬೇಸಿಗೆಯಲ್ಲಿ ಎಸ್.ಎಲ್. ಭೈರಪ್ಪನವರ ‘ಪರ್ವ’ವನ್ನು ಆರಿಸಿಕೊಂಡೆವು. 1979ರಲ್ಲಿ ಬಂದ ಈ ಕಾದಂಬರಿಯಲ್ಲಿ ವರ, ಶಾಪ, ಪವಾಡಗಳಿಲ್ಲ. ಮಹಾಭಾರತದ ಕಥೆ ಮನುಷ್ಯರ ಅಳತೆಗೆ ಇಳಿದಿದೆ. ಮದ್ರದೇಶದ ಮುದುಕ ಶಲ್ಯನಿಂದ ಕಥೆ ಶುರುವಾಗುವುದನ್ನು ಕಂಡು, ಪಾಂಡವರು ಎಲ್ಲಿ, ಕೃಷ್ಣ ಎಲ್ಲಿ ಎಂದು ತಡಕಾಡಿದವರೇ ಹೆಚ್ಚು. ಇಲ್ಲಿ ಕಥೆ ಕುಂತಿ, ಭೀಮ, ದ್ರೌಪದಿ, ಅರ್ಜುನ, ಯುಯುಧಾನ ಮೊದಲಾದವರ ಮನಸ್ಸಿನೊಳಗಿನಿಂದ ಸಾಗುವುದರಿಂದ ಮನೆಗಳ ಹಂಚಿಕೆ ನಡೆಯುವಂತಿರಲಿಲ್ಲ. ಒಬ್ಬೊಬ್ಬರ ನೆನಪಿನ ಭಾಗವನ್ನು ಒಬ್ಬೊಬ್ಬರೇ ಓದಬೇಕೆಂದು ಗೊತ್ತುಮಾಡಿಕೊಂಡೆವು. ದ್ರೌಪದಿಯ ಭಾಗವನ್ನು ಹೊಳಲ್ಕೆರೆಯ ಗೆಳತಿ ಓದಿದಳು. ಐವರು ಗಂಡಂದಿರ ನಡುವೆ ಹಂಚಿಹೋದ ಬದುಕನ್ನು ದ್ರೌಪದಿ ಲೆಕ್ಕ ಹಾಕುವ ಪುಟಗಳ ಬಗ್ಗೆ ಗಂಡುಹುಡುಗರಾದ ನಾವು ಏನಾದರೂ ಹೇಳಲು ಹೊರಟಾಗ ಅವಳು, “ಮೊದಲು ಪೂರ್ತಿ ಕೇಳಿಸ್ಕೊಳ್ಳಿ” ಎಂದು ತಡೆದು ಓದನ್ನು ಮುಂದುವರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಪವಾಡ ತೆಗೆದ ಮೇಲೆ ಮಹಾಭಾರತದಲ್ಲಿ ಉಳಿಯುವುದೇನು ಎಂಬ ಚರ್ಚೆ ಜೂನ್ ತಿಂಗಳು ಮುಗಿದರೂ ಮುಗಿದಿರಲಿಲ್ಲ.

2013 ನಮ್ಮ ಕೊನೆಯ ವರ್ಷ. ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯನ್ನು ಕನ್ನಡ ಅನುವಾದದಲ್ಲಿ ಹಿಡಿದೆವು. 1805ರ ಪೀಟರ್ಸ್‌ಬರ್ಗ್‌ನ ಶ್ರೀಮಂತರ ಸಂಜೆಕೂಟದಿಂದ ಆರಂಭವಾಗಿ 1812ರಲ್ಲಿ ನೆಪೋಲಿಯನ್ ರಷ್ಯಾದ ಮೇಲೆ ನಡೆಸಿದ ದಂಡಯಾತ್ರೆಯನ್ನೂ ದಾಟಿ ಹೋಗುವ ಈ ಕಾದಂಬರಿಯಲ್ಲಿ ಪಾತ್ರಗಳ ಸಂಖ್ಯೆ ಐನೂರನ್ನು ಮೀರುತ್ತದೆ. ಒಬ್ಬರನ್ನೇ ಒಮ್ಮೆ ಹೆಸರಿನಿಂದ, ಒಮ್ಮೆ ತಂದೆಯ ಹೆಸರು ಸೇರಿಸಿ, ಒಮ್ಮೆ ಮುದ್ದಿನ ಹೆಸರಿನಿಂದ ಕರೆಯುವ ರೂಢಿ ನಮ್ಮನ್ನು ಬಹಳ ಕಂಗೆಡಿಸಿತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ರೊಸ್ತೋವ್, ಬೊಲ್ಕೊನ್‌ಸ್ಕಿ, ಬೆಜುಖೋವ್ ಕುಟುಂಬಗಳ ವಂಶವೃಕ್ಷ ಬರೆದು ಗೋಡೆಗೆ ತೂಗುಹಾಕಿದೆವು. ಕಾದಂಬರಿಯ ಕೊನೆಯಲ್ಲಿ ಬರುವ, ಇತಿಹಾಸವನ್ನು ನಡೆಸುವವರು ಯಾರು ಎಂಬ ದೀರ್ಘ ಪ್ರಬಂಧರೂಪದ ಭಾಗವನ್ನು ಬಿಟ್ಟುಬಿಡೋಣವೆಂದು ಬಹುಪಾಲು ಜನ ಹೇಳಿದಾಗ, ಇತಿಹಾಸ ವಿಭಾಗದ ಗೆಳೆಯ ಅದೊಂದನ್ನು ಬಿಡಬಾರದೆಂದು ಬೇಡಿಕೊಂಡ. ಆ ಭಾಗವನ್ನು ಅವನು ಓದಿ, ನಿಲ್ಲಿಸಿ, ವಿವರಿಸಿ, ಬೊರೊಡಿನೊ ಯುದ್ಧದ ಅಧ್ಯಾಯಗಳಿಗೆ ಹಿಂದಿರುಗಿ ತೋರಿಸಿದ ಮೇಲೆ ನಮಗೆ ಅದು ಬೇಸರದ ಬಾಲಂಗೋಚಿಯಾಗಿ ಕಾಣಲಿಲ್ಲ. ಒಬ್ಬರೇ ಓದುವಾಗ ಪುಟ ಹಾರಿಸುವುದಕ್ಕೆ ಅಡ್ಡಿಯಿಲ್ಲ. ಗುಂಪಿನಲ್ಲಿ ಹಾಗೆ ಮಾಡಬಾರದೆಂದು ನಾನು ಗಟ್ಟಿಯಾಗಿ ನಂಬುತ್ತೇನೆ, ಏಕೆಂದರೆ ಹತ್ತು ಮಂದಿಗೆ ರುಚಿಸದ ಪುಟಕ್ಕಾಗಿಯೇ ಕಾದು ಕುಳಿತ ಹನ್ನೊಂದನೆಯವನೊಬ್ಬ ಅಲ್ಲಿರುತ್ತಾನೆ.

ಅದೇ ವರ್ಷ ಬೆಂಗಳೂರಿನ ಕಲಾಗ್ರಾಮದಲ್ಲಿ ‘ಮಲೆಗಳಲ್ಲಿ ಮದುಮಗಳು’ ನಾಟಕದ ಪ್ರದರ್ಶನವಿತ್ತು. ಕೆ.ವೈ. ನಾರಾಯಣಸ್ವಾಮಿಯವರು ರಂಗರೂಪಕ್ಕೆ ತಂದ, ಸಿ. ಬಸವಲಿಂಗಯ್ಯನವರು ನಿರ್ದೇಶಿಸಿದ ಈ ನಾಟಕ ರಾತ್ರಿಯಿಡೀ, ಒಂಬತ್ತು ಗಂಟೆಗಳ ಕಾಲ ನಡೆಯುವಂಥದು. ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಪ್ರೇಕ್ಷಕರೇ ಎದ್ದು ಹೋಗಬೇಕು. ಮೇಷ್ಟ್ರೊಡನೆ ನಾವೆಲ್ಲರೂ ಹೋಗಿದ್ದೆವು. ಕಾದಂಬರಿಯನ್ನು ಕರತಲ ರಂಗಭೂಮಿ ಎಂದು ಕರೆದವರು ಕುವೆಂಪು. ನಮ್ಮ ಅಂಗೈಯಲ್ಲಿ ಆಗಲೇ ಒಮ್ಮೆ ನಡೆದುಹೋಗಿದ್ದ ಆಟವನ್ನು ಬಯಲಿನಲ್ಲಿ ನೋಡುತ್ತಾ, ಐತನೂ ಪೀಂಚಲುವೂ ರಂಗಕ್ಕೆ ಬಂದಾಗ ಪಕ್ಕದವರೆಲ್ಲ ನನ್ನತ್ತ ತಿರುಗಿ ನೋಡಿದರು, ನನ್ನ ಮನೆಯವರು ಬಂದರೆಂಬಂತೆ. ನಾಟಕ ಎಲ್ಲವನ್ನೂ ಕೊಡಲಾರದು. ಕಾಡಿನ ವರ್ಣನೆಯ ಪುಟಗಳು, ಪಾತ್ರಗಳು ತಮ್ಮೊಳಗೇ ಆಡಿಕೊಳ್ಳುವ ಮಾತುಗಳು ಪುಸ್ತಕದಲ್ಲಿಯೇ ಉಳಿಯುತ್ತವೆ. ಆದರೂ ಸಾವಿರಾರು ಪುಟದ ಓದಿಗೆ ಒಗ್ಗಿದ್ದ ನಮಗೆ ಆ ರಾತ್ರಿ ದೀರ್ಘವೆನ್ನಿಸಲೇ ಇಲ್ಲ.

ನಾವು ಓದಬೇಕೆಂದು ಪಟ್ಟಿ ಮಾಡಿಕೊಂಡು ಓದದೆ ಬಿಟ್ಟ ಪುಸ್ತಕಗಳಲ್ಲಿ ಮೊದಲನೆಯದು ರಾವ್‌ಬಹದ್ದೂರರ ‘ಗ್ರಾಮಾಯಣ’. ಉತ್ತರ ಕರ್ನಾಟಕದ ಒಂದು ಇಡೀ ಹಳ್ಳಿಯನ್ನೇ ನಾಯಕನ ಸ್ಥಾನದಲ್ಲಿ ನಿಲ್ಲಿಸಿದ 1957ರ ಈ ಕಾದಂಬರಿಯನ್ನು ಈಗ ಬೇರೆ ಬೇರೆ ಊರುಗಳಲ್ಲಿರುವ ನಾವು ಭಾನುವಾರದ ಸಂಜೆಗಳಲ್ಲಿ ಫೋನಿನ ಮೂಲಕ ಸರದಿಯಂತೆ ಓದಲು ಆರಂಭಿಸಿದ್ದೇವೆ. ನಿವೃತ್ತರಾಗಿರುವ ಮೇಷ್ಟ್ರೂ ಜೊತೆಗಿದ್ದಾರೆ. ಈ ಬಾರಿ ಧಾರವಾಡದ ಕಡೆಯ ಮಾತನ್ನು ಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ಈಗ ಕಾಲೇಜಿನಲ್ಲಿ ಓದುತ್ತಿರುವವರಲ್ಲಿ ಆ ಸೀಮೆಯವರಿದ್ದರೆ ದಯವಿಟ್ಟು ಕನ್ನಡ ವಿಭಾಗದಲ್ಲಿ ತಮ್ಮ ಹೆಸರು ಕೊಡಬೇಕೆಂದು ಕೋರುತ್ತೇನೆ. ಊರಿನ ಹಲವು ಪಾತ್ರಗಳನ್ನು ಇನ್ನೂ ಯಾರಿಗೂ ಹಂಚಿಲ್ಲ.