ಎಂಟನೇ ಏಟು ಎಲ್ಲಿ ಬಿತ್ತು?

"ಸರ್, ಒಂದು ಏಟು ಎಲ್ಲೋ ಬಿದ್ಹೋಗ್ತಿದೆ."

"ಬಿದ್ಹೋಗಿಲ್ಲ ಕಣೋ. ಇಟ್ಟಿರೋದೇ ಏಳು."

ಈ ವಾರದ ಡ್ರಮ್ಸ್ ಪಾಠದಲ್ಲಿ ನಡೆದ ಮಾತು ಇಷ್ಟೇ. ಹಾಡು ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ‘ಮನಿ’, ಸುತ್ತಿಗೆ ಏಳೇ ಏಟು. ಮೇಷ್ಟ್ರು ಎಣಿಕೆಯಲ್ಲಿ ತಪ್ಪುವವರಲ್ಲ, ಆದರೆ ಯಾಕೆ ಅಂತ ಬಿಡಿಸಿ ಹೇಳುವ ಅಭ್ಯಾಸ ಅವರಿಗಿಲ್ಲ. ‘ಇಟ್ಟಿರೋದೇ ಏಳು’ ಎಂದು ಹೇಳಿ ಮತ್ತೆ ಮೊದಲಿನಿಂದ ಹಾಕಿದರು. ಹುಡುಗ ಮತ್ತೆ ಅದೇ ಜಾಗದಲ್ಲಿ ಎಡವಿದ. ಅವನ ದೂರು ಪೆದ್ದು ದೂರಾಗಿರಲಿಲ್ಲ. ನಿಜಕ್ಕೂ ಅಲ್ಲಿ ಏನೋ ಬಿದ್ದುಹೋದ ಹಾಗೆ ಕೇಳಿಸುತ್ತದೆ, ಮತ್ತು ಅದಕ್ಕೆ ಕಾರಣ ಇದೆ.

ರಾಕ್ ಕಲಿತ ಕೈಗೆ ಒಂದು ಕಿಕ್ (ಕಾಲಲ್ಲಿ ಒದೆಯುವ ದೊಡ್ಡ ಡ್ರಮ್), ಒಂದು ಸ್ನೇರ್ (ಕೋಲಿನಿಂದ ಹೊಡೆಯುವ ಚಿಕ್ಕದು), ಒಂದು ಕಿಕ್, ಒಂದು ಸ್ನೇರ್ ಎಂದು ಹೋಗುವುದು ರೂಢಿ. ನಾಲ್ಕರಲ್ಲೋ ಎಂಟರಲ್ಲೋ ಅದು ಸರಿಯಾಗಿ ಮುಗಿಯುತ್ತದೆ. ಏಳಕ್ಕೆ ಅದನ್ನೇ ಹೊಡೆದರೆ ಏಳನೆಯದು ಕಿಕ್, ಮತ್ತೆ ಬರುವ ಒಂದನೆಯದೂ ಕಿಕ್. ಎರಡು ಕಿಕ್ ಪಕ್ಕಪಕ್ಕ ಬಂದಾಗ ನಡುವೆ ಬರಬೇಕಾದ ಸ್ನೇರ್ ಯಾರೋ ಕದ್ದ ಹಾಗಿರುತ್ತದೆ. ಹುಡುಗ ಹುಡುಕುತ್ತಿದ್ದದ್ದು ಆ ಸ್ನೇರನ್ನು. ಬಾಯಲ್ಲಿ ಎಣಿಸಿದರೂ ಉಪಯೋಗವಿಲ್ಲ. ಕನ್ನಡದಲ್ಲಿ ಒಂದರಿಂದ ಎಂಟರವರೆಗೆ ‘ಎರಡು’ ಒಂದನ್ನು ಬಿಟ್ಟರೆ ಎಲ್ಲವೂ ಎರಡೆರಡು ಅಕ್ಷರ, ಏಳು ಆದ ಮೇಲೆ ನಾಲಿಗೆ ತಾನಾಗಿ ಎಂಟಕ್ಕೆ ಜಾರುತ್ತದೆ.

ಇದಕ್ಕೆ ನಮ್ಮಲ್ಲಿ ಮದ್ದು ಮೊದಲಿಂದ ಇದೆ: ಕರ್ನಾಟಕ ಸಂಗೀತದ ಏಳರ ತಾಳ, ಮಿಶ್ರ ಛಾಪು. ತಕಿಟ ತಕಧಿಮಿ, ಮೂರು ಮತ್ತು ನಾಲ್ಕು. ‘ಮನಿ’ಯ ಬೇಸ್ ಗಿಟಾರ್ ಸಾಲೂ ಹೀಗೆಯೇ ಒಡೆಯುತ್ತದೆ. ಹಾಡು ಬಿ ಮೈನರ್‌ನಲ್ಲಿದೆ. ಬಿ ಅನ್ನು ಷಡ್ಜ ಮಾಡಿಕೊಂಡರೆ ಮೊದಲ ಮೂರು ಏಟಿಗೆ ಸ, ಮೇಲಿನ ಸ ಜೊತೆಗೆ ಪ, ಮತ್ತೆ ಕೆಳಗಿನ ಸ. ಉಳಿದ ನಾಲ್ಕಕ್ಕೆ ಮಂದ್ರದ ಪ, ನಿ, ಆಮೇಲೆ ಸ, ಗ ಎಂದು ಒಂದೊಂದೇ ಮೆಟ್ಟಿಲು ಹತ್ತಿ, ಮತ್ತೆ ಸ ಮೇಲೆ ಬಂದು ಇಳಿಯುತ್ತದೆ. ಮೂರು ಹೆಜ್ಜೆ ನಿಂತಲ್ಲೇ ಕುಣಿತ, ನಾಲ್ಕು ಹೆಜ್ಜೆ ಹತ್ತುವುದು. ಎರಡನೇ ಏಟಿನೊಳಗಿನ ಪ ಮಾತ್ರ ನೇರ ಅರ್ಧಕ್ಕೆ ಬೀಳಬಾರದು. ಏಟನ್ನು ಮೂರು ಪಾಲು ಮಾಡಿ ಮೂರನೇ ಪಾಲಿಗೆ ಹಾಕಬೇಕು, ಇಲ್ಲದಿದ್ದರೆ ತೂಗುವ ನಡೆ ಹೋಗಿ ಕವಾಯತು ಆಗುತ್ತದೆ. ಮೇಷ್ಟ್ರು ಇದನ್ನು ಎರಡು ನಿಮಿಷದಲ್ಲಿ ಹೇಳಬಹುದಿತ್ತು.

ಏಳು ಇಟ್ಟಿದ್ದು ಡ್ರಮ್ಸ್‌ಗಿಂತ ಮೊದಲು ಟೇಪಿನಲ್ಲಿ. ಹಾಡು ಬರೆದ ರೋಜರ್ ವಾಟರ್ಸ್, ಆಗಿನ ಹೆಂಡತಿ ಮಡಿಕೆ ಕೆಲಸದಲ್ಲಿ ಜೇಡಿಮಣ್ಣು ಕಲಸುತ್ತಿದ್ದ ದೊಡ್ಡ ಬೋಗುಣಿಯೊಳಗೆ ಚಿಲ್ಲರೆ ಎಸೆದು ಆ ಸದ್ದು ಹಿಡಿದರು. ಕಾಗದ ಹರಿಯುವುದು, ಗಲ್ಲಾಪೆಟ್ಟಿಗೆಯ ಗಂಟೆ, ಎಣಿಸುವ ಯಂತ್ರದ ಟಿಕ್‌ಟಿಕ್ ಇವೂ ಸೇರಿದವು. ಇವನ್ನೆಲ್ಲ ಸಮ ಅಳತೆಗೆ ಕತ್ತರಿಸಿ, ಏಳು ಏಟಿಗೆ ಹೊಂದಿಸಿ, ತುದಿಗೆ ತುದಿ ಅಂಟಿಸಿದರೆ ಲೂಪ್, ಅಂದರೆ ಮತ್ತೆ ಮತ್ತೆ ಸುತ್ತುವ ಟೇಪಿನ ಉಂಗುರ. ಹೇಳುವುದಕ್ಕೆ ಇಷ್ಟೇ. ಮಾಡಲು ಕೂತರೆ ಗೊತ್ತಾಗುತ್ತದೆ.

ಸ್ಟುಡಿಯೋ ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತದೆ ಎಂದುಕೊಳ್ಳಿ. ನಿಮಿಷಕ್ಕೆ 120 ಏಟಿನ ಲಯಕ್ಕೆ ಒಂದು ಏಟು ಅಂದರೆ 19 ಸೆಂಟಿಮೀಟರ್, ಏಳಕ್ಕೆ 133. ಪ್ರತಿ ತುಂಡೂ 5 ಮಿಲಿಮೀಟರ್ ಗಿಡ್ಡವಾಯಿತು ಅನ್ನಿ, ಒಂದು ಸುತ್ತಿಗೆ 35 ಮಿಲಿಮೀಟರ್ ಹೋಯಿತು. ಹತ್ತು ಸುತ್ತಿಗೆ ಹತ್ತಿರ ಹತ್ತಿರ ಒಂದು ಸೆಕೆಂಡ್, ಅಂದರೆ ಎರಡು ಏಟು ಮಾಯ. ಎಲ್ಲವೂ ಒಂದೇ ಅಳತೆಯಲ್ಲಿ ಗಿಡ್ಡವಾದರೆ ಚಿಂತೆಯಿಲ್ಲ, ಹಾಡು ಸ್ವಲ್ಪ ಜೋರಾಗಿ ಓಡುತ್ತದೆ ಅಷ್ಟೆ. ಒಂದೇ ತುಂಡು ಒಂದು ಸೆಂಟಿಮೀಟರ್ ಕಡಿಮೆಯಾದರೆ ಮಾತ್ರ ಕಷ್ಟ: ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಕುಂಟುತ್ತದೆ, ಒಮ್ಮೆ ಕೇಳಿಸಿದ ಮೇಲೆ ಬೇರೇನೂ ಕೇಳಿಸುವುದಿಲ್ಲ.

ಕತ್ತರಿಸುವುದು ಓರೆಯಾಗಿ, 45 ಡಿಗ್ರಿಯಲ್ಲಿ. ನೇರವಾಗಿ ಕತ್ತರಿಸಿದರೆ ಒಂದು ಸದ್ದು ನಿಂತು ಇನ್ನೊಂದು ಶುರುವಾಗುವ ಜಾಗದಲ್ಲಿ ಟಕ್ ಎನ್ನುತ್ತದೆ, ಓರೆಯಾದರೆ ಒಂದರೊಳಗೆ ಒಂದು ಸರಿದು ಸೇರುತ್ತದೆ. ಬ್ಲೇಡಿಗೆ ಅಯಸ್ಕಾಂತದ ಗುಣ ಹತ್ತಿದ್ದರೆ ಪ್ರತಿ ಬೆಸುಗೆಯೂ ಟಕ್. ತುದಿಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟರೆ ಅಲ್ಲಿ ಸದ್ದು ಒಂದು ಕ್ಷಣ ಬಿದ್ದುಹೋಗುತ್ತದೆ, ಒಂದರ ಮೇಲೊಂದು ಕೂತರೆ ಟೇಪಿನ ಸದ್ದು ಓದುವ ಹೆಡ್ಡಿನ ಮೇಲೆ ಹಾರುತ್ತದೆ. ಮನೆಯಲ್ಲಿ ಸಿಗುವ ಸಾಮಾನ್ಯ ಅಂಟುಪಟ್ಟಿ ಹಚ್ಚಿದವರಿಗೆ ಅದರ ಗೋಂದು ಅಂಚಿನಿಂದ ಒಸರಿ ಹೆಡ್ಡಿಗೆ ಮೆತ್ತಿಕೊಂಡ ಮೇಲೆಯೇ ಬುದ್ಧಿ ಬರುವುದು. ಇಷ್ಟಾದರೂ 133 ಸೆಂಟಿಮೀಟರ್ ಉದ್ದದ ಉಂಗುರ ಯಂತ್ರದ ಮೇಲೆ ಹಿಡಿಯುವುದಿಲ್ಲ. ಪಕ್ಕದಲ್ಲಿ ಮೈಕ್ ಸ್ಟ್ಯಾಂಡ್ ನಿಲ್ಲಿಸಿ ಅದರ ಸುತ್ತ ಹಾಯಿಸಬೇಕು. ಸಡಿಲಾದರೆ ಸ್ವರ ತೊನೆಯುತ್ತದೆ, ಬಿಗಿಯಾದರೆ ಟೇಪು ಹಿಗ್ಗುತ್ತದೆ.

ವೇದಿಕೆಯ ಮೇಲೂ ಈ ಹಾಡು ಸುಲಭಕ್ಕೆ ಬಗ್ಗಲಿಲ್ಲ. ‘ಮನಿ’ ಇರುವ ಆಲ್ಬಮ್ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಬರುವ ವರ್ಷಕ್ಕೆ ಮೊದಲೇ, 1972ರ ಜನವರಿ 20ರಂದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಇಡೀ ಸರಣಿಯನ್ನು ನುಡಿಸಲು ಹೊರಟರು. ಯಂತ್ರದ್ದೋ ಕರೆಂಟಿನದ್ದೋ ಕಾಟ ಶುರುವಾಗಿ ‘ಮನಿ’ಯಲ್ಲೇ ನಿಲ್ಲಿಸಬೇಕಾಯಿತು. ಪೂರ್ತಿ ನುಡಿಸಿದ್ದು ಮರುದಿನ, ಪೋರ್ಟ್ಸ್‌ಮತ್‌ನಲ್ಲಿ.

ಪಾಠದ ಕೋಣೆಗೆ ವಾಪಸ್. ಗಿಟಾರ್ ಸೋಲೋ ಬಂದೊಡನೆ ಹುಡುಗನ ಮುಖ ಅರಳಿತು, ಕೈ ಸಡಿಲವಾಯಿತು. ಅಲ್ಲಿಂದ ಹಾಡು ನಾಲ್ಕಕ್ಕೆ ತಿರುಗುತ್ತದೆ. ನುಡಿಸಲು ಸಲೀಸಾಗಲಿ ಎಂದು ತಂಡದ ಗಿಟಾರ್‌ವಾದಕ ಡೇವಿಡ್ ಗಿಲ್ಮರ್ ತನಗೆ ನಾಲ್ಕು ಇಟ್ಟುಕೊಂಡ, ಅದಕ್ಕೆ ಮೊದಲೇ ಬರುವ ಸ್ಯಾಕ್ಸೋಫೋನಿನ ಡಿಕ್ ಪ್ಯಾರಿಯನ್ನು ಏಳರಲ್ಲೇ ಬಿಟ್ಟ. ಇದು ಸ್ವಲ್ಪ ಅನ್ಯಾಯವೇ, ಆದರೆ ಪ್ಯಾರಿ ನುಡಿಸಿದ್ದನ್ನು ಕೇಳಿದರೆ ಕಷ್ಟಪಟ್ಟ ಗುರುತಿಲ್ಲ. ಮೂರು ಸುತ್ತಿನ ಗಿಟಾರ್ ಸೋಲೋದಲ್ಲಿ ನಡುವಿನದನ್ನು ಕಿವಿಗೊಟ್ಟು ಕೇಳಬೇಕು. ಪ್ರತಿಧ್ವನಿ, ಕೋಣೆಯ ಗುಂಗು ಎಲ್ಲ ಆರಿಸಿ ಒಣಗಿಸಿದ ಸದ್ದು ಅದು, ಗಿಟಾರ್ ಮಾರು ದೂರದಿಂದ ಎದ್ದು ಬಂದು ಮೊಣಕಾಲಿಗೆ ತಾಗಿಕೊಂಡು ಕೂತ ಹಾಗೆ. ಮೂರನೆಯದಕ್ಕೆ ಮತ್ತೆ ಬಾಗಿಲು ತೆರೆಯುತ್ತದೆ. ಆ ತೆರೆಯುವಿಕೆಗೆ ಬೆಲೆ ಬರುವುದು ನಡುವೆ ಮುಚ್ಚಿದ್ದರಿಂದ.

ಆಗ ಗೊತ್ತಾದದ್ದು, ಹುಡುಗ ವಾರವಿಡೀ ಕೇಳಿದ್ದು ಸಿಂಗಲ್‌ಗೆಂದು, ಅಂದರೆ ಬಿಡಿಯಾಗಿ ಮಾರುವ ಚಿಕ್ಕ ತಟ್ಟೆಗೆಂದು, ಮೊಟಕು ಮಾಡಿದ ಹಾಡು. ಆಲ್ಬಮ್ಮಿನದು ಆರು ನಿಮಿಷ ದಾಟುತ್ತದೆ. ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ 1973ರ ಮಾರ್ಚಿನಲ್ಲಿ ಬಂತು. ಎರಡು ತಿಂಗಳಿಗೆ ಅಮೆರಿಕದಲ್ಲಿ ‘ಮನಿ’ಯನ್ನು ಕತ್ತರಿಸಿ 45 ಆರ್‌ಪಿಎಂ ತಟ್ಟೆಯಾಗಿ ಬಿಟ್ಟರು, ಅದು ಬಿಲ್‌ಬೋರ್ಡ್ ಪಟ್ಟಿಯಲ್ಲಿ 13ರವರೆಗೆ ಏರಿತು. ಬ್ರಿಟನ್ನಿನಲ್ಲಿ ಆಗ ಸಿಂಗಲ್ಲೇ ಬರಲಿಲ್ಲ. ತಟ್ಟೆಯ ಒಂದು ಮಗ್ಗುಲಿಗೆ ಹೆಚ್ಚು ನಿಮಿಷ ತುರುಕಿದಷ್ಟೂ ಗೀರುಗಳು ಒತ್ತೊತ್ತಾಗಿ ಸದ್ದು ಕುಗ್ಗುತ್ತದೆ, ರೇಡಿಯೋಗಂತೂ ಗಿಡ್ಡದ್ದೇ ಬೇಕು. ಕತ್ತರಿ ಹಾಕಿದವರನ್ನು ಬೈದು ಪ್ರಯೋಜನವಿಲ್ಲ.

ಆದರೆ ನೋಡಿ, ನಿಮಿಷಗಟ್ಟಲೆ ಹಾಡು ಹೋಗಿದ್ದು ಹುಡುಗನಿಗೆ ವಾರವಿಡೀ ಗೊತ್ತಾಗಲಿಲ್ಲ, ಯಾರೂ ತೆಗೆಯದ ಒಂದು ಏಟಿಗಾಗಿ ಅರ್ಧ ಗಂಟೆ ಒದ್ದಾಡಿದ. ಅವನೊಬ್ಬನೇ ಅಲ್ಲ. ಆಲ್ಬಮ್ಮಿನಲ್ಲಿ ಈ ಹಾಡು ಎರಡನೇ ಮಗ್ಗುಲಿನ ಬಾಗಿಲು. ಕೊನೆಗೆ ಜನರ ಬಿಡಿ ಮಾತುಗಳು ತೇಲಿಬಂದು, ಅವುಗಳ ಅಡಿಯಲ್ಲೇ ‘ಅಸ್ ಆಂಡ್ ದೆಮ್’ನ ಆರ್ಗನ್ ಮೆಲ್ಲಗೆ ಎದ್ದು ನಿಲ್ಲುತ್ತದೆ. ಸಿಂಗಲ್ ಕೇಳಿ ಬೆಳೆದವರಿಗೆ ಆ ಹೊಸ್ತಿಲೇ ಇಲ್ಲ, ಇಲ್ಲ ಎನ್ನುವುದೂ ಗೊತ್ತಿಲ್ಲ. ಅದೇ ಆಲ್ಬಮ್ಮಿನ ಮೊದಲ ಮಗ್ಗುಲಿನ ಕೊನೆಯಲ್ಲಿ ಮಾತಿಲ್ಲದೆ ಹಾಡಿದ ಕ್ಲೇರ್ ಟೋರಿಗೆ ಸಿಕ್ಕಿದ್ದು 30 ಪೌಂಡ್. ಆ ಹಾಡಿನ ರಚನೆಯಲ್ಲಿ ಆಕೆಯ ಹೆಸರಿರಲಿಲ್ಲ. 2004ರಲ್ಲಿ ಆಕೆ ದಾವೆ ಹೂಡಿ, ಮರುವರ್ಷ ರಾಜಿಯಾದ ಮೇಲೆ ಹೆಸರು ಬಂತು. ದುಡ್ಡಿನ ಮೇಲೆ ಗೇಲಿಯ ಹಾಡು ತಟ್ಟೆ ಮಗುಚಿದರೆ ಸಿಗುತ್ತಿತ್ತು, ಮೂವತ್ತು ವರ್ಷ ಯಾರಿಗೂ ಏನೂ ಬಿಟ್ಟುಹೋದಂತೆ ಕಾಣಲಿಲ್ಲ.

ಕೊನೆಗೆ ಮೇಷ್ಟ್ರು ಒಂದು ಒಳ್ಳೆಯ ಕೆಲಸ ಮಾಡಿದರು. ಕಂಪ್ಯೂಟರಿನಲ್ಲಿ ಏಳು ಸದ್ದು ಜೋಡಿಸಿ, ಅದರ ಮೇಲೆ ಬೇಸ್ ಸಾಲು ಹಾಕಿ, ಹುಡುಗ ಕೇಳಿದ ಎಂಟನೇ ಏಟಿನ ಜಾಗವನ್ನು ಖಾಲಿ ಇಟ್ಟು ಸುತ್ತಲು ಬಿಟ್ಟರು. ಬೇಸು ಮೆಟ್ಟಿಲು ಹತ್ತಿ, ಗ ಮೇಲೆ ಬಂದು, ಬಾಗಿಲಲ್ಲಿ ಬೀಗದ ಕೈ ಹುಡುಕುವವರ ಹಾಗೆ ಒಂದು ಏಟು ನಿಂತು, ಆಮೇಲೆ ಸ ಮೇಲೆ ಇಳಿಯಿತು. ಎರಡು ಸುತ್ತು, ಮೂರು ಸುತ್ತು. ಹುಡುಗ ಕೋಲು ಕೆಳಗಿಟ್ಟ.

"ಸರ್, ಈಗ ಒಂದು ಜಾಸ್ತಿ ಆಯ್ತು."