ಕೊನೆ ಲಾಂಚಿನಿಂದ ಹಿಂದಕ್ಕೆ ಎಣಿಸಿದ ದಿನಗಳು

ನಾನು ಕಿರಿಯ ಆರೋಗ್ಯ ಸಹಾಯಕಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ಹಾಕಿದ್ದು ಸಾಗರ ತಾಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡಕ್ಕೆ. ಅಂಬಾರಗೋಡ್ಲಿನಲ್ಲಿ ಲಾಂಚ್, ಅಂದರೆ ವಾಹನಗಳನ್ನೂ ದಾಟಿಸುವ ದೊಡ್ಡ ದೋಣಿ, ಹತ್ತಿ ಕಳಸವಳ್ಳಿಯಲ್ಲಿ ಇಳಿಯಬೇಕಿತ್ತು. ಸಿಗಂದೂರಿನ ಚೌಡೇಶ್ವರಿ ದೇವಸ್ಥಾನಕ್ಕೆ ಬರುವವರು ಅದನ್ನು ಸಿಗಂದೂರು ಲಾಂಚ್ ಅನ್ನುತ್ತಿದ್ದರು. ಅಲ್ಲಿಯ ಜನರಿಗೆ ಅದು ಹೊಳೆಬಾಗಿಲು ಲಾಂಚ್.

ಆ ಲಾಂಚ್ ಯಾಕೆ ಬಂತು ಅನ್ನುವುದನ್ನು ಮೊದಲು ಹೇಳಬೇಕು. ಅಲ್ಲಿ ಮೊದಲು ಕೆರೆಯೂ ಇರಲಿಲ್ಲ, ಸಮುದ್ರದಂಥ ನೀರೂ ಇರಲಿಲ್ಲ. ಹೊಳೆ ಇತ್ತು, ಗದ್ದೆ ಇತ್ತು, ಅಡಿಕೆ ತೋಟ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ನೀರು ಸಮುದ್ರಮಟ್ಟದಿಂದ 1819 ಅಡಿ ಎತ್ತರದವರೆಗೆ ನಿಲ್ಲುವ ಹಾಗಾಯಿತು. ಊರುಗಳು ಮುಳುಗಿದವು. ಅದಕ್ಕೂ ಮೊದಲು ಮಡೆನೂರಿನಲ್ಲಿ ಕಟ್ಟಿದ್ದ ಹಳೇ ಅಣೆಕಟ್ಟೇ ಈ ನೀರಿನೊಳಗೆ ಹೋಯಿತು ಅಂದರೆ ನೀವೇ ಯೋಚಿಸಿ. ಮುಳುಗದೆ ಎತ್ತರದಲ್ಲಿ ಉಳಿದ ತುಮರಿ ಕಡೆಯ ಹಳ್ಳಿಗಳಿಗೆ ಮೂರು ದಿಕ್ಕಿನಲ್ಲೂ ನೀರು. ನಿಟ್ಟೂರಿನ ಮೇಲೆ ಸುತ್ತಿಕೊಂಡು ಬರಬಹುದು, ಆದರೆ ಬಹಳ ದೂರ. ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವಾಟ್ ಕರೆಂಟ್ ತಯಾರಾಗುವುದು ಈ ನೀರಿನಿಂದಲೇ. ನಾಡಿಗೆಲ್ಲ ಬೆಳಕು ಕೊಟ್ಟ ಜನ ಸಾಗರದ ಸಂತೆಗೆ ಹೋಗಬೇಕಾದರೆ ಲಾಂಚಿನ ದಾರಿ ಕಾಯಬೇಕಿತ್ತು. ಈ ಮಾತು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಲಾಂಚ್ ನಡೆಸುತ್ತಿದ್ದುದು ಒಳನಾಡು ಜಲಸಾರಿಗೆ ಇಲಾಖೆ. ಅಗಲವಾದ ಚಪ್ಪಟೆ ಕಟ್ಟೆ, ನಡುವೆ ವಾಹನ, ಸುತ್ತ ಜನ. ಬಸ್ಸೂ ಹತ್ತುತ್ತಿತ್ತು. ಅಡಿಕೆ ಮೂಟೆ, ಗ್ಯಾಸ್ ಸಿಲಿಂಡರ್, ಮದುವೆ ದಿಬ್ಬಣ, ಕಾಲೇಜು ಮಕ್ಕಳು, ಪರೀಕ್ಷೆಯ ಪ್ರಶ್ನೆಪತ್ರಿಕೆ, ಎಲ್ಲವೂ ಅದರ ಮೇಲೆಯೇ. ಭಾನುವಾರ ಬಂದರೆ ಚೌಡೇಶ್ವರಿ ಅಮ್ಮನ ಭಕ್ತರ ಕಾರುಗಳ ಸಾಲು. ಸಂಜೆಗೆ ಕೊನೆ ಲಾಂಚ್. ಆಮೇಲೆ ಯಾರಿಗೆ ಏನಾದರೂ ಬೆಳಗಿನವರೆಗೆ ಕಾಯಬೇಕಿತ್ತು, ಇಲ್ಲವೇ ಸುತ್ತು ದಾರಿ ಹಿಡಿಯಬೇಕಿತ್ತು.

ನನ್ನ ತಪ್ಪು ನಡೆದದ್ದು ಮೊದಲ ಬೇಸಿಗೆಯಲ್ಲಿ. ಗುರುವಾರ, ಲಸಿಕೆ ದಿನ. ಬೆಳಿಗ್ಗೆ ಸಾಗರದಲ್ಲಿ ಲಸಿಕೆ ತೆಗೆದುಕೊಂಡೆ. ಐಸ್‌ಪ್ಯಾಕ್‌ಗಳನ್ನು ಫ್ರೀಜರಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟೆ. ಕುಲುಕಿದರೆ ಒಳಗೆ ನೀರಿನ ಸದ್ದು ಕೇಳಬೇಕು, ಆಮೇಲೆಯೇ ಪೆಟ್ಟಿಗೆಗೆ ಹಾಕಬೇಕು. ಇಲ್ಲದಿದ್ದರೆ ಪೆಂಟಾವೇಲೆಂಟ್‌ನಂಥ (ಐದು ರೋಗಗಳಿಗೆ ಒಂದೇ ಚುಚ್ಚುಮದ್ದು) ಲಸಿಕೆ ಹೆಪ್ಪುಗಟ್ಟಿ ಹಾಳಾಗುತ್ತದೆ. ನಾಲ್ಕು ಐಸ್‌ಪ್ಯಾಕ್, ಮುಚ್ಚಳ ಬಿಗಿ. ಅದೆಲ್ಲ ಸರಿಯಾಗಿಯೇ ಮಾಡಿದ್ದೆ. ಜೀಪಿನಲ್ಲಿ ದಡಕ್ಕೆ ಬಂದರೆ ನೀರು ದೂರ ಹಿಂದೆ ಸರಿದಿದೆ. ಲಾಂಚಿನ ಮುಂಬಾಗಿಲು ವಾಹನ ಹತ್ತುವ ಕಟ್ಟೆಗೆ ತಾಗುತ್ತಿಲ್ಲ. ಜನ ಮಾತ್ರ ಹತ್ತಬಹುದು, ಗಾಡಿ ಇಲ್ಲ.

ಎರಡು ಪೆಟ್ಟಿಗೆ ಎರಡು ಕೈಯಲ್ಲಿ ಹಿಡಿದು ಕೆಸರು ದಾಟಿ ಹತ್ತಿದೆ. ಆಚೆ ಇಳಿದರೆ ನನಗಾಗಿ ಯಾವ ವಾಹನವೂ ಇಲ್ಲ. ಕಾದು, ನಡೆದು, ಕೊನೆಗೆ ಒಬ್ಬರ ಬೈಕಿನಲ್ಲಿ ಅಂಗನವಾಡಿ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಪೋಲಿಯೋ ಬಾಟಲಿಯ ಗುರುತು ನೋಡಿದೆ. ಶಾಖ ತಾಗಿದರೆ ಕಪ್ಪಾಗುವ, ವೃತ್ತದೊಳಗಿನ ಚೌಕ ಇನ್ನೂ ಬೆಳ್ಳಗೇ ಇತ್ತು. ಲಸಿಕೆ ಚೆನ್ನಾಗಿತ್ತು. ತಾಯಂದಿರು ಇರಲಿಲ್ಲ. ಒಂಬತ್ತು ತಿಂಗಳು ತುಂಬಿದ ಮಗುವನ್ನು ಎತ್ತಿಕೊಂಡು ಕಾಡು ದಾರಿಯಲ್ಲಿ ನಡೆದು ಬಂದಿದ್ದ ಒಬ್ಬಳು, ಆ ದಿನದ ಕೂಲಿಯನ್ನೂ ಬಿಟ್ಟು ಕಾದು, ವಾಪಸ್ ಹೋಗಿದ್ದಳು. ನನಗೆ ಅಳು ಬಂತು.

ವಾಪಸ್ ಬರುವಾಗ ಲಾಂಚಿನ ಹಿರಿಯರೊಬ್ಬರು ಹೇಳಿದರು: ‘ಸಿಸ್ಟರ್, ನಿನ್ನೆ ಸಂಜೆ ಒಂದು ಮಾತು ಕೇಳಿದ್ರೆ ಹೇಳ್ತಿದ್ವಲ್ಲ. ನೀರು ಒಂದೇ ರಾತ್ರಿಗೆ ಇಳಿಯೋದಿಲ್ಲ.’

ಅವತ್ತಿನಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ಬುಧವಾರ ಸಂಜೆ ಲಾಂಚಿನವರಿಗೆ ಫೋನ್ ಮಾಡುವುದು ರೂಢಿಯಾಯಿತು. ಮಡೆನೂರಿನ ಹಳೇ ಅಣೆಕಟ್ಟು ನೀರಿನಿಂದ ಮೇಲೆ ಕಾಣುತ್ತಿದೆ ಎಂದು ಸುದ್ದಿ ಬಂದರೆ ಆಚೆ ದಡದಲ್ಲಿ ಮೊದಲೇ ಒಂದು ಆಟೋ ಹೇಳಿಡುತ್ತಿದ್ದೆ. ದಿನದ ಕೆಲಸವನ್ನು ಬೆಳಗಿನಿಂದ ಮುಂದಕ್ಕೆ ಹಾಕಿಕೊಳ್ಳುವುದನ್ನು ಬಿಟ್ಟೆ. ಕೊನೆ ಲಾಂಚಿನಿಂದ ಹಿಂದಕ್ಕೆ ಎಣಿಸತೊಡಗಿದೆ. ಕೊನೆ ಲಾಂಚಿಗೆ ಅರ್ಧ ಗಂಟೆ ಮೊದಲು ದಡ, ಅದಕ್ಕೂ ಮೊದಲು ಕೊನೆಯ ಮನೆ, ಅದಕ್ಕೂ ಮೊದಲು ಅಂಗನವಾಡಿ. ದೂರದ ಮನೆಗೆ ಮೊದಲು ಹೋಗಬೇಕು ಅನ್ನುವುದು ಹಾಗೆ ಎಣಿಸಿದಾಗಲೇ ಹೊಳೆದದ್ದು.

ಬಸುರಿಯರ ವಿಷಯದಲ್ಲಂತೂ ಈ ಎಣಿಕೆ ಇನ್ನೂ ಮುಖ್ಯ. ಹೆರಿಗೆ ನೋವು ಲಾಂಚಿನ ಟೈಮ್ ನೋಡಿ ಬರುತ್ತದಾ? ದಿನ ತುಂಬುವ ಮೊದಲೇ ಸಾಗರದ ನೆಂಟರ ಮನೆಗೆ ಕಳುಹಿಸಿ ಎಂದು ಮನೆಮನೆಗೆ ಹೇಳಿ ಬರುತ್ತಿದ್ದೆ. ನೆಂಟರು ಇಲ್ಲದವರ ಹೆಸರಿನ ಮುಂದೆ ಕೆಂಪು ಗೆರೆ. ಆ ಗೆರೆಗಳಿದ್ದ ತಿಂಗಳು ನನಗೆ ರಾತ್ರಿ ಸರಿಯಾಗಿ ನಿದ್ದೆ ಇರುತ್ತಿರಲಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು, ಕಳಸವಳ್ಳಿ ನಡುವೆ ಸೇತುವೆ ಉದ್ಘಾಟನೆಯಾಯಿತು. ಉದ್ದ 2.44 ಕಿಲೋಮೀಟರ್, ನಡುವೆ ಕೇಬಲ್‌ಗಳು ಹಿಡಿದಿರುವ ದೊಡ್ಡ ಸೇತುವೆ. ಈ ಭಾಗದ ಜನ ಎಷ್ಟೋ ವರ್ಷ ಕೇಳಿ, ಹೋರಾಡಿ ಪಡೆದದ್ದು ಅದು. ಲಾಂಚಿನ ಮೇಲೆ ಅಷ್ಟು ಪ್ರೀತಿ ಇದ್ದ ನನಗೂ ಆ ದಿನ ಖುಷಿಯೇ ಜಾಸ್ತಿ.

ಆಮೇಲಿನ ಒಂದು ಮಳೆಗಾಲದ ರಾತ್ರಿ, ಎರಡು ಗಂಟೆಗೆ ಫೋನ್ ಬಂತು. ಕೆಂಪು ಗೆರೆಯ ಹುಡುಗಿಯೊಬ್ಬಳ ಮನೆಯಿಂದ. ‘ನೋವು ಶುರುವಾಗಿದೆ ಅಕ್ಕಾ, ಆಂಬುಲೆನ್ಸ್ ಬಂದಿದೆ, ಹೊರಟ್ವಿ’ ಎಂದಳು ಅವಳ ಅತ್ತೆ. ನಾನು ಅಭ್ಯಾಸದಂತೆ ಗಡಿಯಾರ ನೋಡಿದೆ. ಬೆಳಗಿನ ಮೊದಲ ಲಾಂಚಿಗೆ ಎಷ್ಟು ಗಂಟೆ ಎಂದು ಎಣಿಸುತ್ತಿರುವಾಗಲೇ ಇನ್ನೊಮ್ಮೆ ಫೋನ್ ಬಂತು. ಅವರು ಆಗಲೇ ಅಂಬಾರಗೋಡ್ಲು ದಾಟಿದ್ದರು.